ಕಾಸರವಳ್ಳಿ ಸಿನಿಮಾಗಳಲ್ಲಿ ಮೊದಲು ಯಾವುದು ಹಾಕೋಣ?

ಡಿಸೆಂಬರ್ ಬಂತೆಂದರೆ ಶಿಡ್ಲಘಟ್ಟದ ನಮ್ಮ ಮನೆಯಲ್ಲಿ ರಾತ್ರಿ ಊಟ ಆದ ಮೇಲೂ ಕೆಲಸ ಇರುತ್ತದೆ. ನೆನೆಹಾಕಿದ ಅವರೆಕಾಳಿನ ಪಾತ್ರೆ ನಡುವೆ ಇಟ್ಟುಕೊಂಡು ಎಲ್ಲರೂ ಸುತ್ತ ಕೂತು ಹಿತುಕುತ್ತೇವೆ. ಕಾಳನ್ನು ಹೆಬ್ಬೆರಳಲ್ಲಿ ಒತ್ತಿದರೆ ಬೇಳೆ ಪುಸಕ್ಕನೆ ಜಾರಿ ಬೀಳುತ್ತದೆ, ಸಿಪ್ಪೆ ಕೈಯಲ್ಲೇ ಉಳಿಯುತ್ತದೆ. ಕೆಲಸವೆಲ್ಲ ಬೆರಳಿಗೆ, ಕಣ್ಣು ಖಾಲಿ. ಹಾಗಾಗಿ ಟಿವಿಯಲ್ಲಿ ಏನಾದರೂ ಓಡುತ್ತಿರಬೇಕು. ಅಂಥ ಒಂದು ರಾತ್ರಿ ನಾನು ಗಿರೀಶ್ ಕಾಸರವಳ್ಳಿಯವರ ‘ಘಟಶ್ರಾದ್ಧ’ ಹಾಕಿದೆ. ಕಪ್ಪು ಬಿಳುಪು, ಮೆಲ್ಲಗೆ ಸಾಗುವ ಕಥೆ. ಅರ್ಧ ಗಂಟೆಗೆ ಚಿಕ್ಕಮ್ಮ, “ಬೇರೆ ಏನಾದ್ರೂ ಹಾಕಮ್ಮ, ನಿದ್ದೆ ಬರ್ತಿದೆ” ಅಂದರು. ನಿಲ್ಲಿಸಿದೆ.

ನನಗೆ ಅದು ತುಂಬಾ ಬೇಜಾರಾಯಿತು. ನಾನು ಜೀವದಷ್ಟು ಇಷ್ಟಪಡುವ ನಿರ್ದೇಶಕರು ಅವರು. ನಮ್ಮ ಮನೆಯವರಿಗೂ ಅವರ ಸಿನಿಮಾ ತಲುಪಬೇಕು ಅನ್ನುವ ಆಸೆ ಇತ್ತು. ಒಂದು ವಾರ ಬಿಟ್ಟು, ಅದೇ ಅವರೆಕಾಳು, ಅದೇ ಜನ, ‘ಗುಲಾಬಿ ಟಾಕೀಸ್’ ಹಾಕಿದೆ. ಈ ಸಲ ಇಪ್ಪತ್ತು ನಿಮಿಷಕ್ಕೆ ಪಾತ್ರೆಗೆ ಬೇಳೆ ಬೀಳುವ ಸದ್ದೇ ನಿಂತುಹೋಯಿತು. ತಿರುಗಿ ನೋಡಿದರೆ ಚಿಕ್ಕಮ್ಮನ ಕೈಯಲ್ಲಿ ಒಂದು ಕಾಳು ಹಾಗೇ ಇದೆ, ಕಣ್ಣು ಟಿವಿಯಲ್ಲಿದೆ.

ಆವತ್ತಿನಿಂದ ಇಲ್ಲಿಯವರೆಗೆ ಅವರ ಸಿನಿಮಾಗಳನ್ನು ಒಂದೊಂದಾಗಿ ಮನೆಯವರ ಜೊತೆ, ಪಕ್ಕದ ಮನೆಯವರ ಜೊತೆ ಕೂತು ಮತ್ತೆ ನೋಡಿದ್ದೇನೆ. ಯಾವುದು ಯಾರಿಗೆ ಹಿಡಿಸಿತು, ಎಲ್ಲಿ ಎದ್ದು ಹೋದರು, ಎಲ್ಲಿ ಅತ್ತರು ಅಂತ ಗಮನ ಇಟ್ಟು ನೋಡಿದ್ದೇನೆ. ಹೊಸದಾಗಿ ನೋಡುವವರಿಗೆ, ಮನೆಯವರಿಗೆ ತೋರಿಸಬೇಕು ಅಂದುಕೊಂಡವರಿಗೆ ಇದು ಉಪಯೋಗಕ್ಕೆ ಬರಲಿ ಅಂತ ಬರೆಯುತ್ತಿದ್ದೇನೆ.

ಆರಿಸುವ ಮೊದಲು

ಕಾಸರವಳ್ಳಿಯವರು ಹುಟ್ಟಿದ್ದು 1950ರಲ್ಲಿ, ತೀರ್ಥಹಳ್ಳಿ ತಾಲ್ಲೂಕಿನ ಕೆಸಲೂರಿನಲ್ಲಿ. ಮಣಿಪಾಲದಲ್ಲಿ ಬಿ.ಫಾರ್ಮಾ ಓದಿದರು, ಆಮೇಲೆ ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟಿಗೆ ಹೋದರು. 1977ರ ‘ಘಟಶ್ರಾದ್ಧ’ದಿಂದ 2020ರ ‘ಇಲ್ಲಿರಲಾರೆ ಅಲ್ಲಿಗೆ ಹೋಗಲಾರೆ’ವರೆಗೆ ನಲವತ್ತು ವರ್ಷಕ್ಕೂ ಜಾಸ್ತಿ ಸಿನಿಮಾ ಮಾಡಿದ್ದಾರೆ. ದೇಶದ ಅತ್ಯುತ್ತಮ ಚಿತ್ರಕ್ಕೆ ಕೊಡುವ ಸ್ವರ್ಣಕಮಲ ಅವರ ನಾಲ್ಕು ಸಿನಿಮಾಗಳಿಗೆ ಬಂದಿದೆ: ‘ಘಟಶ್ರಾದ್ಧ’, ‘ತಬರನ ಕಥೆ’, ‘ತಾಯಿ ಸಾಹೇಬ’, ‘ದ್ವೀಪ’. ಎಲ್ಲರೂ ಈ ಪಟ್ಟಿ ನೋಡಿ ಮೊದಲಿನಿಂದ ಶುರು ಮಾಡುತ್ತಾರೆ. ನಾನೂ ಹಾಗೇ ಮಾಡಿದ್ದೆ. ಈಗ ಯಾರಾದರೂ ಕೇಳಿದರೆ ಪ್ರಶಸ್ತಿ ಪಟ್ಟಿ ಹಿಡಿದು ಹೋಗಬೇಡಿ ಅಂತೀನಿ.

ಯಾಕೆಂದರೆ ಅವರ ಸಿನಿಮಾಗಳು ಒಂದರ ಹಾಗೆ ಇನ್ನೊಂದು ಇಲ್ಲ. ಒಂದು ಮಲೆನಾಡಿನ ಮಳೆಯಲ್ಲಿ ನಡೆಯುತ್ತದೆ, ಒಂದು ಕರಾವಳಿಯ ಮೀನುಗಾರರ ನಡುವೆ, ಇನ್ನೊಂದು ಉತ್ತರ ಕರ್ನಾಟಕದ ಒಣನೆಲದಲ್ಲಿ. ಹೆಚ್ಚುಕಡಿಮೆ ಎಲ್ಲವೂ ಕನ್ನಡದ ಕಥೆ, ಕಾದಂಬರಿಗಳಿಂದಲೇ ಬಂದವು. ಅನಂತಮೂರ್ತಿ, ತೇಜಸ್ವಿ, ಭೈರಪ್ಪ, ನಾ. ಡಿಸೋಜ, ವೈದೇಹಿ, ಬಾನು ಮುಷ್ತಾಕ್, ಕುಂವೀ (ಕುಂ. ವೀರಭದ್ರಪ್ಪ), ಅಮರೇಶ ನುಗಡೋಣಿ. ಇಷ್ಟು ಬೇರೆ ಬೇರೆ ಬರಹಗಾರರನ್ನು ಒಬ್ಬರೇ ನಿರ್ದೇಶಕರು ಪರದೆಗೆ ತಂದಿದ್ದಾರೆ ಅಂದರೆ ನನಗೆ ಈಗಲೂ ಆಶ್ಚರ್ಯ.

ಆದರೂ ಎಲ್ಲದರಲ್ಲೂ ಒಂದು ವಿಷಯ ನನಗೆ ಕಾಣುತ್ತದೆ. ಒಂದು ಮನೆ ಇರುತ್ತದೆ. ಆ ಮನೆಯೊಳಗೆ ಹೊರಗಿನಿಂದ ಏನೋ ಒಂದು ಬಂದು ಕೂರುತ್ತದೆ. ಅಣೆಕಟ್ಟಿನ ನೀರೋ, ಡಿಶ್ ಟಿವಿಯೋ, ಸರ್ಕಾರದ ಕಾಗದವೋ, ಶಾಸ್ತ್ರವೋ. ಬಂದದ್ದು ಮನೆಯ ದುರ್ಬಲ ಜೀವದ ಮೇಲೆ ಮೊದಲು ಭಾರ ಹಾಕುತ್ತದೆ. ನಿಮ್ಮ ಮನೆಗೆ ಇವುಗಳಲ್ಲಿ ಯಾವುದು ಬಂದು ಹೋಗಿದೆಯೋ ಅದರ ಸಿನಿಮಾ ಮೊದಲು ನೋಡಿ. ನಾನು ಕಂಡುಕೊಂಡ ದಾರಿ ಇಷ್ಟೇ.

ಇನ್ನೊಂದು ಮಾತು. ಇವು ಅಬ್ಬರದ ಸಿನಿಮಾಗಳಲ್ಲ. ಹಿನ್ನೆಲೆ ಸಂಗೀತ ಕಡಿಮೆ, ಮಾತು ಕಡಿಮೆ. ಫೋನು ದೂರ ಇಡಿ. ಮೊದಲ ಹದಿನೈದು ನಿಮಿಷ ಭಾಷೆಗೆ ಕಿವಿ ಹೊಂದಿಸಿಕೊಳ್ಳಬೇಕು. ನಮ್ಮದು ತೆಲುಗು ಬೆರೆತ ಬಯಲುಸೀಮೆ ಕನ್ನಡ, ಕುಂದಾಪುರದ ಕನ್ನಡ ಒಮ್ಮೆಲೇ ಹಿಡಿಯುವುದಿಲ್ಲ. ಗಾಬರಿಯಾಗಬೇಡಿ, ಆಮೇಲೆ ಸಲೀಸು.

ಮನೆಯ ಹೆಂಗಸರ ಜೊತೆ: ‘ಗುಲಾಬಿ ಟಾಕೀಸ್’, ‘ಹಸೀನಾ’

‘ಗುಲಾಬಿ ಟಾಕೀಸ್’ 2008ರದು. ವೈದೇಹಿಯವರ ಕಥೆ. ಗುಲಾಬಿ ಹೆರಿಗೆ ಮಾಡಿಸುವ ಸೂಲಗಿತ್ತಿ, ಸಿನಿಮಾ ಅಂದರೆ ಪ್ರಾಣ. ಒಂದು ಅನುಕೂಲಸ್ಥರ ಮನೆಯ ಹೆರಿಗೆಗೆ ಹೋಗಿದ್ದಕ್ಕೆ ಅವಳಿಗೆ ಕಲರ್ ಟಿವಿ, ಡಿಶ್ ಸಿಗುತ್ತದೆ. ಅವಳ ಗುಡಿಸಿಲಿಗೆ ಬೀದಿಯ ಹೆಂಗಸರೆಲ್ಲ ಬರಲು ಶುರು ಮಾಡುತ್ತಾರೆ. ವೈದೇಹಿಯವರ ಕಥೆಯಲ್ಲಿ ಊರಿಗೆ ಬರುವುದು ಟಾಕೀಸು. ಕಾಸರವಳ್ಳಿಯವರು ಅದನ್ನು ಟಿವಿ ಮಾಡಿ, ಕಾರ್ಗಿಲ್ ಯುದ್ಧದ ಕಾಲಕ್ಕೆ ತಂದರು. ಈ ಒಂದು ಬದಲಾವಣೆಯಿಂದ ಎಷ್ಟೆಲ್ಲ ಬಂತು ನೋಡಿ. ಟಿವಿ ಹೆಂಗಸರನ್ನು ಒಂದೆಡೆ ಸೇರಿಸುತ್ತದೆ. ಅದೇ ಹೊತ್ತಿಗೆ ಊರಿನ ಗಂಡಸರ ನಡುವೆ ಮೀನಿನ ವ್ಯಾಪಾರ, ದೊಡ್ಡ ದೋಣಿ ಸಣ್ಣ ದೋಣಿಯ ಜಗಳ, ಹಿಂದೂ ಮುಸ್ಲಿಂ ಅನ್ನುವ ಮಾತು ಮೆಲ್ಲಗೆ ಬೆಳೆಯುತ್ತದೆ. ಗುಲಾಬಿ ಒಂಟಿ ಮುಸ್ಲಿಂ ಹೆಂಗಸು. ಮುಂದೆ ಏನಾಗುತ್ತದೆ ಅಂತ ನಾನು ಹೇಳುವುದಿಲ್ಲ.

ಇದು ಚಿಕ್ಕಮ್ಮನಿಗೆ ಯಾಕೆ ಹಿಡಿಸಿತು ಅಂತ ಆಮೇಲೆ ಗೊತ್ತಾಯಿತು. ಅವರು ಮದುವೆಯಾಗಿ ಬಂದಾಗ ನಮ್ಮ ಬೀದಿಯಲ್ಲಿ ಒಂದೇ ಮನೆಯಲ್ಲಿ ಟಿವಿ ಇತ್ತಂತೆ. ಭಾನುವಾರ ಸಂಜೆ ಎಲ್ಲರೂ ಅಲ್ಲಿಗೆ ಹೋಗುತ್ತಿದ್ದರು. “ಬಾಗಿಲ ಹತ್ರ ಕೂರಿಸೋರು ನನ್ನ. ನಾನು ಹೊಸಬಳು ಅಲ್ವಾ” ಅಂದರು. ಇಷ್ಟು ವರ್ಷ ನನಗೆ ಇದನ್ನು ಹೇಳಿರಲಿಲ್ಲ. ಒಂದು ಸಿನಿಮಾ ಮನೆಯವರ ಬಾಯಿಂದ ಇಂಥ ಮಾತು ಹೊರಗೆ ತರುತ್ತದೆ ಅಂದರೆ ಅದಕ್ಕಿಂತ ಇನ್ನೇನು ಬೇಕು?

‘ಹಸೀನಾ’ 2004ರದು, ಬಾನು ಮುಷ್ತಾಕ್ ಅವರ ‘ಕರಿ ನಾಗರಗಳು’ ಕಥೆಯಿಂದ ಬಂದದ್ದು. 2025ರಲ್ಲಿ ದೀಪಾ ಭಾಸ್ತಿ ಅನುವಾದಿಸಿದ ‘ಹಾರ್ಟ್ ಲ್ಯಾಂಪ್’ಗೆ ಅಂತರರಾಷ್ಟ್ರೀಯ ಬೂಕರ್ ಬಂದ ಮೇಲೆ ಬಾನು ಅವರ ಹೆಸರು ಎಲ್ಲರಿಗೂ ಗೊತ್ತಾಗಿದೆ. ಅದಕ್ಕಿಂತ ಇಪ್ಪತ್ತು ವರ್ಷ ಮೊದಲೇ ಅವರ ಕಥೆ ಪರದೆಗೆ ಬಂದಿತ್ತು. ಹೆಣ್ಣುಮಕ್ಕಳನ್ನೇ ಹೆತ್ತಳು ಅಂತ ಗಂಡ ಕೈಬಿಟ್ಟ ಹೆಂಗಸು ನ್ಯಾಯ ಕೇಳಿಕೊಂಡು ಜಮಾತಿನ ಹಿರಿಯರ ಬಳಿ ಹೋಗುತ್ತಾಳೆ. ಕೇಳುವುದನ್ನು ಬಿಡುವುದಿಲ್ಲ. ಅಷ್ಟೇ ಕಥೆ.

ಶಿಡ್ಲಘಟ್ಟದವರಿಗೆ ಇದು ದೂರದ ಕಥೆಯೇನಲ್ಲ. ನಮ್ಮೂರು ರೇಷ್ಮೆ ಗೂಡಿನ ಊರು. ಬೆಳಿಗ್ಗೆ ಬೀದಿಗೆ ಬಂದರೆ ಗೂಡು ಬೇಯುವ ವಾಸನೆ. ನೂಲು ಬಿಚ್ಚುವ ಮನೆಗಳಲ್ಲಿ ಮುಸ್ಲಿಂ ಹೆಣ್ಣುಮಕ್ಕಳು ಜಾಸ್ತಿ. ಬಿಸಿನೀರಿನಲ್ಲಿ ಕೈ ಅದ್ದಿ ಅದ್ದಿ ಅವರ ಬೆರಳ ತುದಿ ಬೆಳ್ಳಗೆ ಸುಕ್ಕಾಗಿರುತ್ತದೆ. ನಮ್ಮ ಬೀದಿಯ ಆಪಾ ಒಬ್ಬರು ಮೂವತ್ತು ವರ್ಷ ಆ ಕೆಲಸ ಮಾಡಿ ಮೂರು ಮಕ್ಕಳನ್ನು ಸಾಕಿದವರು. ‘ಹಸೀನಾ’ ನೋಡಲು ಕರೆದೆ. ಮೊದಲು ಬರಲು ಹಿಂಜರಿದರು, ನಮ್ಮವರನ್ನು ಕೆಟ್ಟವರು ಅಂತ ತೋರಿಸಿದ್ದಾರೇನೋ ಅನ್ನುವ ಅಳುಕು. ನೋಡಿ ಮುಗಿಸಿದ ಮೇಲೆ ಅವರು ಹೇಳಿದ್ದು, “ಅವಳು ಹೊರಗಿನವರ ಹತ್ರ ಹೋಗಲಿಲ್ಲ, ತನ್ನವರ ಹತ್ರಾನೇ ಕೇಳಿದಳು. ಅದು ಕಷ್ಟ” ಅಂತ. ಇದಕ್ಕಿಂತ ಚೆನ್ನಾಗಿ ಈ ಸಿನಿಮಾದ ಬಗ್ಗೆ ಹೇಳಲು ನನ್ನಿಂದ ಆಗುವುದಿಲ್ಲ.

ಎರಡರಲ್ಲಿ ಒಂದೇ ಅಂದರೆ? ನನ್ನ ಮಾತು ‘ಗುಲಾಬಿ’. ಅದರಲ್ಲಿ ನಗು ಇದೆ, ಆಸೆ ಇದೆ, ಕಡಲು ಇದೆ. ನೋವು ನಿಧಾನವಾಗಿ ಬರುತ್ತದೆ. ‘ಹಸೀನಾ’ ಮೊದಲಿನಿಂದಲೇ ಎದೆ ಹಿಂಡುತ್ತದೆ. ಮನಸ್ಸು ಗಟ್ಟಿ ಮಾಡಿಕೊಂಡ ದಿನಕ್ಕೆ ಅದನ್ನು ಇಟ್ಟುಕೊಳ್ಳಿ. ನಟನೆಯಲ್ಲಿ ಆರಿಸಲು ಹೋಗಬೇಡಿ. ‘ಹಸೀನಾ’ದ ತಾರಾ, ‘ಗುಲಾಬಿ’ಯ ಉಮಾಶ್ರೀ, ಇಬ್ಬರಿಗೂ ಅತ್ಯುತ್ತಮ ನಟಿ ರಾಷ್ಟ್ರಪ್ರಶಸ್ತಿ ಬಂತು. ಹಾಸ್ಯ ಪಾತ್ರಗಳಲ್ಲಿ ಮಾತ್ರ ಉಮಾಶ್ರೀಯವರನ್ನು ನೋಡಿದವರು ಇಲ್ಲಿ ಅವರ ಮುಖ ನೋಡಬೇಕು. ಟಿವಿಯ ಬೆಳಕು ಮುಖದ ಮೇಲೆ ಬಿದ್ದಾಗ ಆ ಕಣ್ಣು ಪುಟ್ಟ ಮಗುವಿನ ಕಣ್ಣಾಗುತ್ತದೆ.

ಸರ್ಕಾರಿ ಕೆಲಸ ಮಾಡಿದ ಹಿರಿಯರ ಜೊತೆ: ‘ತಬರನ ಕಥೆ’, ‘ಕೂರ್ಮಾವತಾರ’

ತೇಜಸ್ವಿಯವರ ‘ತಬರನ ಕಥೆ’ಯನ್ನು ಓದಿದವರು ಬಹಳ ಜನ ಇದ್ದಾರೆ. ಸಿನಿಮಾ 1986ರದು. ತಬರ ಸರ್ಕಾರಿ ಕಚೇರಿಯ ಜವಾನ. ಬ್ರಿಟಿಷರ ಕಾಲದಲ್ಲೂ ಕೆಲಸ ಮಾಡಿದ, ಸ್ವಾತಂತ್ರ್ಯ ಬಂದ ಮೇಲೂ ಮಾಡಿದ. ನಿವೃತ್ತಿಯಾದ ಮೇಲೆ ಪಿಂಚಣಿ ಕಾಗದ ಮೇಜಿನಿಂದ ಮೇಜಿಗೆ ಅಲೆಯುತ್ತದೆ. ಮನೆಯಲ್ಲಿ ಹೆಂಡತಿಗೆ ಸಕ್ಕರೆ ಕಾಯಿಲೆ, ಕಾಲಿನ ಗಾಯ ಕೊಳೆಯುತ್ತಿದೆ. ಔಷಧಕ್ಕೆ ಆ ಹಣವೇ ಬೇಕು. ತಬರನಾಗಿ ಚಾರುಹಾಸನ್ ನಟಿಸಿದ್ದಾರೆ, ಅತ್ಯುತ್ತಮ ನಟ ರಾಷ್ಟ್ರಪ್ರಶಸ್ತಿ ಅವರಿಗೇ ಬಂತು. ತಬರನ ಸಂಕಟ ಏನೆಂದರೆ, ಅವನು ಜೀವನವಿಡೀ ಸರ್ಕಾರವನ್ನು ನಂಬಿದವನು. ಸರ್ಕಾರದ ಮನುಷ್ಯ ಅಂತ ಊರಲ್ಲಿ ತಲೆಯೆತ್ತಿ ನಡೆದವನು. ನಿವೃತ್ತಿಯಾದ ಮರುದಿನವೇ ಕೌಂಟರಿನ ಆಚೆ ಬದಿಗೆ ಬಂದುಬಿಡುತ್ತಾನೆ.

ನಮ್ಮ ದೊಡ್ಡಪ್ಪನ ಜೊತೆ ಇದನ್ನು ನೋಡಿದೆ. ಅವರ ಪಿಂಚಣಿಯ ಲೆಕ್ಕದಲ್ಲಿ ಒಂದು ತಾರೀಖು ತಪ್ಪಿ, ಅದನ್ನು ಸರಿ ಮಾಡಿಸಲು ಎರಡು ವರ್ಷ ಓಡಾಡಿದ್ದರು. ಕಾಗದಗಳೆಲ್ಲ ಒಂದು ಬಟ್ಟೆ ಅಂಗಡಿಯ ಪ್ಲಾಸ್ಟಿಕ್ ಕವರಿನಲ್ಲಿ ಇರುತ್ತಿದ್ದವು. ಆ ಕವರಿನ ಹಿಡಿ ಕಿತ್ತುಹೋಗಿ, ಅದಕ್ಕೆ ಗೂಡಿನ ಚೀಲದ ದಾರ ಕಟ್ಟಿದ್ದರು. ಸಿನಿಮಾದಲ್ಲಿ ತಬರ ಕಚೇರಿಯ ಬಾಗಿಲಲ್ಲಿ ಕಾಯುವುದನ್ನು ನೋಡುತ್ತಾ ನೋಡುತ್ತಾ ದೊಡ್ಡಪ್ಪ ಎದ್ದು ಹೊರಗೆ ಹೋದರು. ನಾನು ತಪ್ಪು ಮಾಡಿದೆ ಅನ್ನಿಸಿತು. ಮರುದಿನ ಬೆಳಿಗ್ಗೆ ಕಾಫಿ ಕುಡಿಯುವಾಗ, “ಮಿಕ್ಕಿದ್ದು ಹಾಕು” ಅಂದರು. ಬೆಳಕಿನಲ್ಲಿ, ಒಬ್ಬರೇ ಕೂತು ಕೊನೆಯವರೆಗೆ ನೋಡಿದರು.

ಹಾಗಾಗಿ ಹೇಳುತ್ತೇನೆ, ಗಾಯ ಇನ್ನೂ ಹಸಿ ಇರುವವರ ಮುಂದೆ ‘ತಬರ’ ಹಾಕುವ ಮೊದಲು ಯೋಚನೆ ಮಾಡಿ. ಮನೆಯಲ್ಲಿ ಯಾರಾದರೂ ಕಾಯಿಲೆ ಮಲಗಿದ್ದರೆ ಈಗ ಬೇಡ. ಆದರೆ ಹೊಸದಾಗಿ ಸರ್ಕಾರಿ ಕೆಲಸಕ್ಕೆ ಸೇರಿದ ಹುಡುಗ, ಹುಡುಗಿ ನಿಮ್ಮ ಮನೆಯಲ್ಲಿ ಇದ್ದರೆ ಖಂಡಿತ ತೋರಿಸಿ. ಕೌಂಟರಿನ ಆಚೆ ನಿಂತಿರುವ ಮುದುಕನ ಕೈ ಹೇಗೆ ನಡುಗುತ್ತದೆ ಅಂತ ಅವರು ನೋಡಬೇಕು.

‘ಕೂರ್ಮಾವತಾರ’ 2011ರದು. ಕುಂವೀ ಅವರ ಕಥೆ. ಇಲ್ಲಿಯೂ ಸರ್ಕಾರಿ ನೌಕರನೇ. ಆನಂದರಾವ್ ನಿವೃತ್ತಿಗೆ ಹತ್ತಿರವಾದ ಗುಮಾಸ್ತ, ಮುಖ ನೋಡಿದರೆ ಗಾಂಧೀಜಿ ಹಾಗೆ. ಟಿವಿ ಧಾರಾವಾಹಿಯಲ್ಲಿ ಗಾಂಧಿ ಪಾತ್ರ ಮಾಡಲು ಕರೆಯುತ್ತಾರೆ. ಗಾಂಧಿ ಬಗ್ಗೆ ಅವನಿಗೆ ಜಾಸ್ತಿ ಗೊತ್ತಿಲ್ಲ. ಪಾತ್ರಕ್ಕಾಗಿ ಓದುತ್ತಾನೆ. ಜನ ಅವನನ್ನೇ ಗಾಂಧಿ ಅಂತ ನೋಡಲು ಶುರು ಮಾಡುತ್ತಾರೆ, ಕಾಲಿಗೆ ಬೀಳುತ್ತಾರೆ, ಕಷ್ಟ ಹೇಳಿಕೊಳ್ಳುತ್ತಾರೆ. ಮನೆಯಲ್ಲಿ ಮಗನಿಗೆ ಅಪ್ಪನ ಈ ಹೆಸರಿನಿಂದ ಬೇರೆ ಲಾಭ ಬೇಕು. ಶಿಕಾರಿಪುರ ಕೃಷ್ಣಮೂರ್ತಿ ಈ ಪಾತ್ರ ಮಾಡಿದ್ದಾರೆ, ಎಷ್ಟು ಮೆತ್ತಗೆ ಮಾಡಿದ್ದಾರೆ ಅಂದರೆ ನಟನೆ ಅಂತಲೇ ಅನ್ನಿಸುವುದಿಲ್ಲ.

ಚಿಕ್ಕಬಳ್ಳಾಪುರ ಜಿಲ್ಲೆಯವರಿಗೆ ಗಾಂಧಿ ಪುಸ್ತಕದ ಹೆಸರು ಮಾತ್ರ ಅಲ್ಲ. 1927ರಲ್ಲಿ ಆರೋಗ್ಯ ಕೆಟ್ಟಾಗ ಅವರು ಸುಧಾರಿಸಿಕೊಳ್ಳಲು ಉಳಿದದ್ದು ನಮ್ಮ ನಂದಿಬೆಟ್ಟದಲ್ಲಿ. 1938ರ ಏಪ್ರಿಲಿನಲ್ಲಿ ಧ್ವಜ ಸತ್ಯಾಗ್ರಹಕ್ಕೆ ಸೇರಿದ ಜನರ ಮೇಲೆ ಗುಂಡು ಹಾರಿದ್ದು ಗೌರಿಬಿದನೂರು ತಾಲ್ಲೂಕಿನ ವಿದುರಾಶ್ವತ್ಥದಲ್ಲಿ. ಶಾಲೆಯಿಂದ ಎರಡೂ ಕಡೆ ಪ್ರವಾಸ ಹೋಗಿದ್ದೇವೆ. ನಂದಿಬೆಟ್ಟದಲ್ಲಿ ಫೋಟೋ ತೆಗೆಸಿಕೊಂಡು ಚುರುಮುರಿ ತಿಂದು ಬಂದಿದ್ದೇ ನನಗೆ ನೆನಪು. ‘ಕೂರ್ಮಾವತಾರ’ ನೋಡಿದ ಮೇಲೆ ಮತ್ತೆ ಬೆಟ್ಟಕ್ಕೆ ಹೋದೆ, ಗಾಂಧೀಜಿ ಉಳಿದಿದ್ದ ಆ ಮನೆಯ ಮುಂದೆ ಸ್ವಲ್ಪ ಹೊತ್ತು ನಿಂತೆ.

ಇವೆರಡನ್ನು ಜೋಡಿಯಾಗಿ ನೋಡಿದರೆ ಇನ್ನೂ ಚೆನ್ನ. ಆದರೆ ‘ತಬರ’ ಮೊದಲು, ಒಂದೆರಡು ವಾರ ಬಿಟ್ಟು ‘ಕೂರ್ಮಾವತಾರ’. ತಬರನಿಗೆ ಕಚೇರಿಯ ಬಾಗಿಲು ತೆಗೆಯುವುದಿಲ್ಲ. ಆನಂದರಾವ್ ಬಾಗಿಲ ಒಳಗೇ ಇದ್ದವನು, ಹೊರಗೆ ನಿಂತವರು ಅವನಿಗೆ ಕಾಣಲು ಗಾಂಧಿ ವೇಷ ಹಾಕಬೇಕಾಯಿತು. ಹೈಸ್ಕೂಲು ಮಕ್ಕಳಿಗೆ ತೋರಿಸುವುದಾದರೆ ‘ಕೂರ್ಮಾವತಾರ’ವೇ ಸರಿ. ಕಥೆ ಸಲೀಸಾಗಿ ಓಡುತ್ತದೆ, ಮುಗಿದ ಮೇಲೆ ಮಕ್ಕಳು ಪ್ರಶ್ನೆ ಕೇಳುತ್ತಾರೆ.

ಬೇಸಾಯದ ಮನೆಯವರಿಗೆ: ‘ದ್ವೀಪ’

ಇದಕ್ಕೆ ಜೋಡಿ ಇಲ್ಲ. ಒಂದೇ ಒಂದು ಕಾಸರವಳ್ಳಿ ಸಿನಿಮಾ ನೋಡುತ್ತೇನೆ ಅನ್ನುವ ನಮ್ಮ ಸೀಮೆಯ ರೈತರಿಗೆ ನಾನು ಇದನ್ನೇ ಹೇಳುತ್ತೇನೆ.

2002ರ ಸಿನಿಮಾ, ನಾ. ಡಿಸೋಜ ಅವರ ಕಾದಂಬರಿ. ಡಿಸೋಜ ಅವರು ಶರಾವತಿ ಯೋಜನೆಯ ಕಾಲದಲ್ಲಿ ಲೋಕೋಪಯೋಗಿ ಇಲಾಖೆಯಲ್ಲೇ ಕೆಲಸದಲ್ಲಿದ್ದವರು. ಮುಳುಗಡೆಯನ್ನು ಕಣ್ಣಾರೆ ಕಂಡು ಬರೆದವರು. ಅಣೆಕಟ್ಟು ಕಟ್ಟಿದ್ದಾರೆ, ಹಿನ್ನೀರು ಏರುತ್ತಿದೆ. ಸೀತಾಪರ್ವತ ಅನ್ನುವ ಜಾಗದಲ್ಲಿ ಇದ್ದವರೆಲ್ಲ ಒಬ್ಬೊಬ್ಬರಾಗಿ ಬಿಟ್ಟು ಹೋಗುತ್ತಾರೆ. ಒಂದು ಮನೆ ಮಾತ್ರ ಉಳಿಯುತ್ತದೆ. ಮುದುಕ ದುಗ್ಗಜ್ಜ, ಮಗ ಗಣಪ, ಸೊಸೆ ನಾಗಿ. ಮಳೆ ನಿಲ್ಲುವುದೇ ಇಲ್ಲ. ಸೂರಿನಲ್ಲಿ ನೀರು, ಅಂಗಳದಲ್ಲಿ ನೀರು, ಹೊಳೆ ದಿನದಿನಕ್ಕೆ ಮೇಲೆ ಹತ್ತುತ್ತದೆ. ಛಾಯಾಗ್ರಾಹಕ ಎಚ್.ಎಂ. ರಾಮಚಂದ್ರ ಆ ಮಳೆಯನ್ನು ಹಿಡಿದ ರೀತಿಗೆ ರಾಷ್ಟ್ರಪ್ರಶಸ್ತಿ ಬಂತು. ನೋಡುತ್ತಾ ಕೂತರೆ ನಮ್ಮ ಗೋಡೆಯೂ ಒದ್ದೆಯಾಗಿದೆ ಅನ್ನಿಸುತ್ತದೆ.

ನಮ್ಮಲ್ಲಿ ಇರುವುದು ಇದಕ್ಕೆ ಪೂರ್ತಿ ಉಲ್ಟಾ. ನಂದಿ ಸೀಮೆಯಲ್ಲಿ ಅರ್ಕಾವತಿ, ಪಾಲಾರ್, ಪಿನಾಕಿನಿ, ಚಿತ್ರಾವತಿ, ಪಾಪಾಗ್ನಿ ಹುಟ್ಟುತ್ತವೆ ಅಂತ ಶಾಲೆಯಲ್ಲಿ ಬಾಯಿಪಾಠ ಮಾಡಿದ್ದೇವೆ. ವರ್ಷವಿಡೀ ಹರಿಯುವುದು ಒಂದೂ ಇಲ್ಲ. ಅಪ್ಪ ಮೂರು ಬೋರ್‌ವೆಲ್ ಕೊರೆಸಿದರು. ಮೂರನೆಯದು 1,200 ಅಡಿ ಹೋಯಿತು, ಬಂದಿದ್ದು ಬರೀ ಕಲ್ಲಿನ ಪುಡಿ. ಆ ಸಾಲಕ್ಕೆ ಒಂದೂವರೆ ಎಕರೆ ಹಿಪ್ಪುನೇರಳೆ ತೋಟ ಹೋಯಿತು. ಈಗ ಎಚ್.ಎನ್. ವ್ಯಾಲಿ (ಹೆಬ್ಬಾಳ-ನಾಗವಾರ) ಯೋಜನೆಯಲ್ಲಿ ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು ನಮ್ಮ ಜಿಲ್ಲೆಯ ಕೆರೆಗಳಿಗೆ ಬರುತ್ತಿದೆ. ಕೆರೆ ತುಂಬಿದ್ದು ನೋಡಿ ಖುಷಿಪಡಬೇಕೋ ಹೆದರಬೇಕೋ ಅಂತ ಊರಲ್ಲಿ ಇನ್ನೂ ಮಾತು ನಡೆಯುತ್ತದೆ. ಇಂಥ ಅಪ್ಪ ‘ದ್ವೀಪ’ ನೋಡಿದರು. ಮೊದಲ ಮಳೆಗೆ, “ಆಹಾ, ಏನು ಮಳೆ!” ಅಂದರು. ಮುಕ್ಕಾಲು ಸಿನಿಮಾ ಆಗುವ ಹೊತ್ತಿಗೆ ಮೆಲ್ಲಗೆ, “ನಮಗೆ ನೀರಿಲ್ದೆ ಭೂಮಿ ಹೋಯ್ತು, ಇವರಿಗೆ ನೀರು ಬಂದು ಹೋಗ್ತಿದೆ” ಅಂದರು. ಆಮೇಲೆ ಮಾತಾಡಲಿಲ್ಲ.

ಸರ್ ಎಂ. ವಿಶ್ವೇಶ್ವರಯ್ಯನವರ ಮುದ್ದೇನಹಳ್ಳಿ ಇಲ್ಲೇ, ನಂದಿಬೆಟ್ಟದ ಹತ್ತಿರ. ಅಣೆಕಟ್ಟು ಅಂದರೆ ನಮಗೆಲ್ಲ ಹೆಮ್ಮೆಯ ಮಾತು, ಅವರ ಪಟ ಇಲ್ಲದ ಶಾಲೆ ನಮ್ಮಲ್ಲಿ ಇಲ್ಲ. ಆ ಹೆಮ್ಮೆ ನನಗೂ ಇದೆ. ಆದರೆ ನೀರು ನಿಲ್ಲಿಸಿದ ಜಾಗದಲ್ಲಿ ಇದ್ದ ಮನೆಗಳು ಏನಾದವು ಅಂತ ನಾನು ಮೊದಲ ಸಲ ಕೇಳಿಕೊಂಡಿದ್ದು ಈ ಸಿನಿಮಾ ನೋಡಿಯೇ.

ಇನ್ನು ನಾಗಿ. ನಾಗಿಯಾಗಿ ಸೌಂದರ್ಯ. ಅವರು ನಮ್ಮ ಕಡೆಯವರೇ, ಮುಳಬಾಗಿಲಿನವರು. ತೆಲುಗಿನಲ್ಲಿ ಅಷ್ಟು ದೊಡ್ಡ ತಾರೆಯಾಗಿದ್ದವರು ಈ ಸಿನಿಮಾವನ್ನು ತಾವೇ ನಿರ್ಮಾಣ ಮಾಡಿ, ಹಳೆ ಸೀರೆಯಲ್ಲಿ ಮಳೆಯಲ್ಲಿ ನೆನೆಯುತ್ತಾ ನಟಿಸಿದರು. ಸ್ವರ್ಣಕಮಲ ಬಂದ ಸಿನಿಮಾ ಇದು. 2004ರ ಏಪ್ರಿಲಿನಲ್ಲಿ ವಿಮಾನ ಅಪಘಾತದಲ್ಲಿ ಅವರು ಹೋದರು. ನಮ್ಮ ಕಡೆ ಅವರನ್ನು ತೆಲುಗು ಸಿನಿಮಾದಲ್ಲಿ ನೋಡಿದವರೇ ಜಾಸ್ತಿ. ‘ದ್ವೀಪ’ ನೋಡದೆ ಅವರನ್ನು ನೋಡಿದ್ದೇವೆ ಅನ್ನಬಾರದು. ಒಂದು ಕೆಲಸ ಮಾಡಿ. ನೋಡುವಾಗ ನಾಗಿ ಏನೇನು ಕೆಲಸ ಮಾಡುತ್ತಾಳೆ ಅಂತ ಮನಸ್ಸಿನಲ್ಲಿ ಎಣಿಸುತ್ತಾ ಹೋಗಿ. ಕೊನೆಯಲ್ಲಿ ಆ ಮನೆ ಉಳಿದದ್ದರ ಪುಣ್ಯವನ್ನು ಗಂಡ ಯಾರಿಗೆ ಕೊಡುತ್ತಾನೆ ಅಂತ ನೋಡಿ. ಅಮ್ಮ ಅಲ್ಲಿ ಒಂದು ನಿಟ್ಟುಸಿರು ಬಿಟ್ಟರು. ಅಪ್ಪ ಅಮ್ಮನ ಕಡೆ ತಿರುಗಿ ನೋಡಿದರು.

ಹಳೆಯ ಕಾಲದ ಮನೆಗಳು: ‘ತಾಯಿ ಸಾಹೇಬ’, ‘ನಾಯಿ ನೆರಳು’

ಕಾದಂಬರಿ ಓದುವ ಅಭ್ಯಾಸ ಇರುವವರಿಗೆ ಇವೆರಡೂ ಹಿಡಿಸುತ್ತವೆ. 1997ರ ‘ತಾಯಿ ಸಾಹೇಬ’ ಸ್ವಾತಂತ್ರ್ಯದ ಹಿಂದುಮುಂದಿನ ಕಾಲದ ಉತ್ತರ ಕರ್ನಾಟಕದ ವಾಡೆಯ ಕಥೆ. ಜಯಮಾಲಾ ಅವರ ನಿರ್ಮಾಣ, ನಟನೆಯೂ ಅವರದೇ. ವಾಡೆಯ ಕತ್ತಲೆ, ಕಂಬ, ಸೀರೆಗಳ ಬಣ್ಣ ನೋಡಲೇಬೇಕು. ವಸ್ತ್ರವಿನ್ಯಾಸಕ್ಕೆ ವೈಶಾಲಿ ಕಾಸರವಳ್ಳಿಯವರಿಗೆ ರಾಷ್ಟ್ರಪ್ರಶಸ್ತಿ ಬಂತು. ಗಂಡ ದೇಶಕ್ಕಾಗಿ ಹೋರಾಡುವವನು, ಮನೆಯೊಳಗಿನ ಹೆಂಡತಿಗೆ ಸ್ವಾತಂತ್ರ್ಯ ಎಲ್ಲಿ ಅನ್ನುವುದು ಒಳಗಿನ ಎಳೆ. ವರ್ಷಗಳು ಉರುಳುತ್ತಾ ಹೋಗುತ್ತವೆ, ಸಂಬಂಧಗಳು ಜಾಸ್ತಿ. ಆಗಾಗ ನಿಲ್ಲಿಸಿ ನೋಡಿದರೆ ಎಳೆ ತಪ್ಪುತ್ತದೆ.

2006ರ ‘ನಾಯಿ ನೆರಳು’ ಭೈರಪ್ಪನವರ ಕಾದಂಬರಿ. ಸತ್ತ ಮಗ ಬೇರೆ ಮನೆಯಲ್ಲಿ ಮತ್ತೆ ಹುಟ್ಟಿದ್ದಾನೆ ಅನ್ನುವ ಸುದ್ದಿ ಬರುತ್ತದೆ. ಆ ಹುಡುಗ ಬಂದು ವಿಧವೆಯನ್ನು ತನ್ನ ಹೆಂಡತಿ ಅನ್ನುತ್ತಾನೆ. ಅವಳಿಗೆ ಅವನ ವಯಸ್ಸಿನ ಮಗಳಿದ್ದಾಳೆ. ಪುನರ್ಜನ್ಮ ನಿಜವೋ ಸುಳ್ಳೋ ಅಂತ ವಾದ ಮಾಡಲು ಕಾಸರವಳ್ಳಿ ಹೋಗುವುದಿಲ್ಲ. ಆ ಹೆಂಗಸಿಗೆ, ಪವಿತ್ರಾ ಲೋಕೇಶ್ ಮಾಡಿದ ವೆಂಕಟಲಕ್ಷ್ಮಿಗೆ, ಏನು ಬೇಕು ಅಂತ ಕೇಳುತ್ತಾರೆ. ಮನೆಯಲ್ಲಿ ವಾದಕ್ಕೆ ಕೂರುವವರು ಇದ್ದರೆ ಇದನ್ನು ಹಾಕಿ. ನಮ್ಮಲ್ಲಿ ರಾತ್ರಿ ಹನ್ನೆರಡಾದರೂ ಮುಗಿಯಲಿಲ್ಲ.

ಬೆಂಗಳೂರಿಗೆ ಹೋಗಿ ಬಾಡಿಗೆ ಮನೆ ಮಾಡಿದ ಹೊಸ ದಂಪತಿಗೆ 1990ರ ‘ಮನೆ’ ಸರಿ. ನಾಸಿರುದ್ದೀನ್ ಷಾ, ದೀಪ್ತಿ ನವಲ್. ಪಕ್ಕದ ಶೆಡ್ಡಿನ ಯಂತ್ರದ ಸದ್ದು ಇಬ್ಬರ ಸಂಸಾರದೊಳಗೆ ನುಗ್ಗುವ ಕಥೆ. ನಮ್ಮ ಕಡೆಯಿಂದ ದಿನಾ ರೈಲು, ಬಸ್ಸು ಹಿಡಿದು ಹೋಗುವವರಿಗೆ ಜಾಸ್ತಿ ವಿವರಿಸಬೇಕಿಲ್ಲ.

ಕೊನೆಗೆ ಇಟ್ಟುಕೊಳ್ಳಬೇಕಾದವು

‘ಕನಸೆಂಬ ಕುದುರೆಯನೇರಿ’ 2010ರದು, ಅಮರೇಶ ನುಗಡೋಣಿಯವರ ‘ಸವಾರಿ’ ಕಥೆಯಿಂದ ಬಂದದ್ದು. ಈರ್ಯ ಹೆಣ ಹೂಳಲು ಗುಂಡಿ ತೋಡುವವನು. ಕನಸಿನಲ್ಲಿ ಸಿದ್ಧಪುರುಷ ಬಂದರೆ ಊರಲ್ಲಿ ಯಾರೋ ಸತ್ತಿದ್ದಾರೆ ಅಂತ ಅವನ ನಂಬಿಕೆ. ಒಮ್ಮೆ ಕನಸು ಬೀಳುತ್ತದೆ. ಊರಿನ ಗೌಡರ ಮನೆಗೆ ಹೋದರೆ ಯಾರೂ ಸತ್ತಿಲ್ಲ ಅನ್ನುತ್ತಾರೆ. ಕನಸು ಸುಳ್ಳಾಯಿತಾ? ಒಂದೇ ಘಟನೆಯನ್ನು ಮೊದಲು ಗುಡಿಸಿಲಿನಿಂದ, ಆಮೇಲೆ ದೊಡ್ಡಮನೆಯಿಂದ ತೋರಿಸುತ್ತಾರೆ. ವೈಜನಾಥ ಬಿರಾದಾರ್ ಈರ್ಯ, ಉಮಾಶ್ರೀ ಅವನ ಹೆಂಡತಿ ರುದ್ರಿ. ಹಳ್ಳಿಯಲ್ಲಿ ಬೆಳೆದವರಿಗೆ ತೋಟಿ, ನೀರುಗಂಟಿ ಗೊತ್ತಿರುತ್ತಾರೆ. ಊರಿನ ಸಾವಿಗೆ ಮೊದಲು ಕರೆಸಿಕೊಳ್ಳುವವರು, ಊಟಕ್ಕೆ ಕೊನೆಗೆ ಕೂರಿಸುವವರು. ಅವರಿಗೆ ಅವರದೇ ನಂಬಿಕೆ, ಮರ್ಯಾದೆ ಇರುತ್ತದೆ ಅಂತ ಇಷ್ಟು ಪ್ರೀತಿಯಿಂದ ತೋರಿಸಿದ ಸಿನಿಮಾ ನಾನು ಬೇರೆ ನೋಡಿಲ್ಲ. ಕಥೆ ಹಿಂದೆ ಮುಂದೆ ಹೋಗುತ್ತದೆ. ಹಾಗಾಗಿ ಮೊದಲ ಸಿನಿಮಾವಾಗಿ ಬೇಡ, ಮೂರೋ ನಾಲ್ಕೋ ನೋಡಿದ ಮೇಲೆ ನೋಡಿ.

ಇನ್ನು ‘ಘಟಶ್ರಾದ್ಧ’. ಅನಂತಮೂರ್ತಿಯವರ ಕಥೆ. ಇದನ್ನು ಮಾಡಿದಾಗ ಕಾಸರವಳ್ಳಿಯವರಿಗೆ ಇನ್ನೂ ಮೂವತ್ತು ತುಂಬಿರಲಿಲ್ಲ. ವೇದಪಾಠಕ್ಕೆ ಬಂದ ಪುಟ್ಟ ಹುಡುಗ ನಾಣಿ, ಆ ಮನೆಯ ವಿಧವೆ ಮಗಳು ಯಮುನಕ್ಕ. ಅವಳು ಬಸಿರಾಗುತ್ತಾಳೆ. ಬದುಕಿರುವವಳಿಗೇ ಶ್ರಾದ್ಧ ಮಾಡಿ ಹೊರಗೆ ಹಾಕುತ್ತಾರೆ. ಎಲ್ಲವನ್ನೂ ನಾವು ನೋಡುವುದು ಆ ಹುಡುಗನ ಕಣ್ಣಿನಿಂದ. ಎಸ್. ರಾಮಚಂದ್ರ ಅವರ ಕ್ಯಾಮೆರಾ, ಬಿ.ವಿ. ಕಾರಂತರ ಸಂಗೀತ. ಎಷ್ಟೋ ವರ್ಷ ಮಸುಕಾದ ಪ್ರಿಂಟಿನಲ್ಲೇ ಇದನ್ನು ನೋಡಬೇಕಿತ್ತು. ಈಗ ಸಿನಿಮಾವನ್ನು ಶುದ್ಧಮಾಡಿ ಉಳಿಸಿದ್ದಾರೆ, ಆ ಹೊಸ ಪ್ರತಿ 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ತೆರೆಕಂಡಿತು. ಎಲ್ಲಾದರೂ ದೊಡ್ಡ ಪರದೆಯಲ್ಲಿ ಹಾಕುತ್ತಾರೆ ಅಂತ ತಿಳಿದರೆ ಕೆಲಸ ಬಿಟ್ಟು ಹೋಗಿ. ಕತ್ತಲೆಯಲ್ಲಿ ದೀಪ ಹಿಡಿದ ಮುಖಗಳು ಸಣ್ಣ ಟಿವಿಯಲ್ಲಿ ಕಾಣುವುದೇ ಇಲ್ಲ.

ಕೈಗೆ ಕೆಲಸ ಇಟ್ಟುಕೊಂಡು ನೋಡುವ ಸಿನಿಮಾ ಇದಲ್ಲ. ಈ ವರ್ಷ ಅವರೆಕಾಯಿ ಕಾಲ ಮುಗಿದ ಮೇಲೆ ಒಂದು ಮಧ್ಯಾಹ್ನ ಚಿಕ್ಕಮ್ಮನೇ ಬಂದು, “ಆವತ್ತು ಅರ್ಧಕ್ಕೆ ನಿಲ್ಲಿಸಿದ್ವಲ್ಲ, ಆ ಹುಡುಗಂದು, ಅದು ಹಾಕು” ಅಂದರು. ಕಿಟಕಿಗೆ ಬೆಡ್‌ಶೀಟ್ ಕಟ್ಟಿ ಕತ್ತಲೆ ಮಾಡಿಕೊಂಡೆವು. ನಾವಿಬ್ಬರೇ. ಮೊದಲಿನಿಂದ ಹಾಕಿದೆ. ಚಿಕ್ಕಮ್ಮ ಸೆರಗನ್ನು ಮಡಿಲಲ್ಲಿ ಹಿಡಿದುಕೊಂಡು ಕೊನೆಯವರೆಗೆ ಅಲುಗಾಡದೆ ಕೂತಿದ್ದರು. ಮುಗಿದು ಹೆಸರುಗಳು ಹೋದ ಮೇಲೆ ನನ್ನನ್ನು ಕೇಳಿದರು, ಆ ನಾಣಿ ದೊಡ್ಡವನಾದ ಮೇಲೆ ಇದನ್ನು ಯಾರಿಗಾದರೂ ಹೇಳಿಕೊಂಡಿರುತ್ತಾನಾ ಅಂತ.